ಮೋತ್ಯಾನ ಕಪ್ಪು ನಾಲಿಗೆ

ಹುಕ್ಕೇರಿ, ೧೮ ನವೆಂಬರ್ ೧೯೫೮, ಮಂಗಳವಾರ

ಹೋದ ವಾರ ಕಾಶೆವ್ವನ ನಾಯಿಗೆ ಗುಂಡು ಹಾಕಿಸಿಬಿಡುತ್ತಿದ್ದೆನಲ್ಲ ಎಂಬ ಹಳಹಳಿ ಇನ್ನೂ ಹೋಗಿಲ್ಲ. ಮೋತ್ಯಾ ಜೊಲ್ಲು ಸುರಿಸುತ್ತ ಬಿದ್ದಿತ್ತು. ಬೆಲ್ಲದ ಬಾಗೇವಾಡಿಯ ಓಣಿಯವರೆಲ್ಲ ಹುಚ್ಚು ಎಂದರು, ದನದ ಡಾಕ್ಟರನಾದ ನಾನೂ ತಲೆಯಾಡಿಸಿದೆ. ಅಷ್ಟರಲ್ಲಿ ಅದು ಎದ್ದು ನೀರು ನೆಕ್ಕಿತು; ಹುಚ್ಚು ಹಿಡಿದ ನಾಯಿಗೆ ನೀರು ಗಂಟಲಲ್ಲಿ ಇಳಿಯುವುದಿಲ್ಲ. ನಾಲಿಗೆ ಕಪ್ಪಗಿತ್ತು, ತುಂಬ ಹುಣ್ಣು.

“ಯವ್ವಾ, ಏನ್ ಹಾಕ್ತಿ ಇದಕ?”

“ಬರೇ ಜ್ವಾಳದ ರೊಟ್ಟಿರಿ. ಶ್ರಾವಣದಾಗ ಎಲುಬು ಕಡೀಬಾರ್ದಂತ ಕಟ್ಟೇನ್ರಿ, ಇನ್ನೂ ಬಿಚ್ಚಿಲ್ರಿ. ಲಿಂಗವಂತರ ಮನಿ ನಾಯಿ ಅಲ್ಲೇನ್ರಿ?”

ಹುಚ್ಚಲ್ಲ, ಬರೀ ರೊಟ್ಟಿಯಿಂದ ಬಂದ ರೋಗ. ಮಾಂಸ ಹಾಕಬೇಕು ಎಂದದ್ದೇ ಕಾಶೆವ್ವ ಕಿವಿ ಮುಚ್ಚಿಕೊಂಡಳು. ಜೀವಸತ್ವದ ಗುಳಿಗೆ ಕೊಟ್ಟು, ಹಾಲು, ಕುಟ್ಟಿದ ಶೇಂಗಾ ಹಾಕಲು ಹೇಳಿ ಬಂದಿದ್ದೆ.

ಇಂದು ಹೋದರೆ ಮೋತ್ಯಾ ಕೆಂಪು ನಾಲಿಗೆಯಿಂದ ನನ್ನ ಕೈಯೆಲ್ಲ ನೆಕ್ಕಿತು. ಕೊರಳಲ್ಲಿ ಹಗ್ಗವಿರಲಿಲ್ಲ. ಆಚೆ ಓಣಿಯ ಇಂದ್ರವ್ವನ ಮನೆಯಿಂದ ಮಾಂಸದ ಸಾರಿನ ವಾಸನೆ ಬಂದದ್ದೇ ತಡ, ಬಾಲ ಎತ್ತಿಕೊಂಡು ಅತ್ತ ನಡೆಯಿತು. ಕಾಶೆವ್ವ ಗೋಡೆಯ ಕಡೆ ತಿರುಗಿದಳು.

“ನಾ ನೋಡಿಲ್ರಿ ಡಾಕ್ಟರ್ ಸಾಹೇಬ್ರ. ನೀವೂ ನೋಡಬ್ಯಾಡ್ರಿ.”

ನಾನೂ ಗೋಡೆಯನ್ನೇ ನೋಡುತ್ತ ನಿಂತೆ.