ವಾರಕ್ಕೊಮ್ಮೆ ಹೆರೆದ ಆಣಿ

ಬಿಬವೇವಾಡಿ, ಪುಣೆ
ಮಂಗಳವಾರ

ನೆಗೆಣ್ಣಿ ಶಾಂತವ್ವನಿಗೆ,

ಮಗಳು ಸಪ್ನಾಳ ಮನೆ ಸೇರಿದೆವು. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಈ ಕಾರ್ಡು. ನಮ್ಮ ಮನೆಯವರ ಅಂಗಾಲಿನಲ್ಲಿದ್ದದ್ದು ಆಣಿಯಲ್ಲ, ಚರ್ಮದ ಕ್ಯಾನ್ಸರ್! ಅಂಗಾಲಿನ ಅದೇ ಕಪ್ಪು ಗಡ್ಡೆ ತೊಡೆಸಂದಿಯಲ್ಲಿ ಎದ್ದ ಗಂಟಿನೊಳಗೂ ಕೂತಿರುವುದನ್ನು, ಅವರನ್ನು ಹೊರಗೆ ಕೂರಿಸಿ, ಡಾಕ್ಟರು ನನಗೆ ಕಂಪ್ಯೂಟರಿನಲ್ಲಿ ತೋರಿಸಿದರು. ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಅವರ ಕಾಲು ನೆನೆಸಿ ಹೆರೆಯುತ್ತಿದ್ದವಳು ನಾನೇ ಅಲ್ಲವೇ?

“ನಾ ಬ್ಲೇಡ್ ಹಚ್ಚಿದ್ದಕ್ಕ ಹಬ್ಬಿತೇನ್ರಿ?” ಎಂದು ಕೇಳಿಯೇಬಿಟ್ಟೆ.

ಡಾಕ್ಟರು ಸೊಲ್ಲಾಪುರದವರು, ನಮ್ಮ ಮಾತೇ ಆಡುತ್ತಾರೆ. “ಅಲ್ರಿ ತಾಯಿ. ಜೀವಕೋಶಗಳ ಲಗಾಮು ಹಿಡಿಯೂ ಜೀನ್ ಒಂದು ಇರ್ತದ. ಈ ಗಡ್ಡಿಯೊಳಗ ಅದು ಅಳಿಸಿಹೋಗ್ಯದ. ಅದಕ್ಕ ಅವು ಜಾಗಾ ಬಿಟ್ಟು ಮ್ಯಾಲ ಹತ್ಯಾವ. ನೀವು ಬರೂದು ಭಾಳ ತಡಾ ಆತು, ಅಷ್ಟ” ಎಂದರು.

ಮುಂದಿನ ಸೋಮವಾರ ಆಪರೇಷನ್. ಖರ್ಚು ಕಡಿಮೆ ಮಾಡಲು ಆಸ್ಪತ್ರೆಯವರು ಕೇಳಿದ್ದಾರೆ, ರೇಷನ್ ಕಾರ್ಡನ್ನು ಮೈದುನನ ಕೈಯಲ್ಲಿ ಬೇಗ ಕಳಿಸು. ನಮ್ಮವರಿಗೆ ಊಟ ಸೇರುತ್ತಿದೆ, ಎರಡು ಚಪಾತಿ ತಿಂದರು.

ಅವರಿಗೆ ಇನ್ನೂ ಏನೂ ಹೇಳಿಲ್ಲ. ಈಗಷ್ಟೇ ನನ್ನ ಮುಂದೆ ಕಾಲು ಚಾಚಿ, “ವಾರ ಆತಲ್ಲ, ಬ್ಲೇಡ್ ತಂದೀಯಿಲ್ಲೋ?” ಎಂದು ಕೇಳಿದರು.

ಸಾವಂತ್ರವ್ವ