ಗಂಡನಿಗೆ ಒಪ್ಪಿದ ಹಿಂದಿನ ಸೀಟು

ಮಣಿಕೊಂಡ, ಸೋಮವಾರ

ಪ್ರೀತಿಯ ಅಣ್ಣಾ,

ನೀನು ನನಗೆ ಕೊಟ್ಟ ಸ್ಪೋರ್ಟ್ಸ್ ಬೈಕ್ ಮಾರಿ ಕ್ರೂಸರ್ ಬೈಕ್ ತೆಗೆದುಕೊಂಡೆ, ಸಿಟ್ಟಾಗಬೇಡ! ಗಾಡಿ ಓಡಿಸಲು ಬಾರದ ರೇವಣ್ ಆ ಹಳೆಯ ಬೈಕಿನ ಎತ್ತರದ ಹಿಂದಿನ ಸೀಟಿನಿಂದ ಪ್ರತಿ ಬ್ರೇಕಿಗೂ ನನ್ನ ಬೆನ್ನ ಮೇಲೆ ಜಾರುತ್ತಿದ್ದರು. ‘ನಾಳೆಯಿಂದ ಬಸ್ಸಿಗೆ ಹೋಗ್ತೀನಿ’ ಅಂದುಬಿಟ್ಟರು. ಮದುವೆಯಾಗಿ ತಿಂಗಳಾಗಿಲ್ಲ, ನಾನು ಬಿಡುತ್ತೇನೆಯೇ?

ಇವತ್ತು ಹೊಸ ಗಾಡಿಯ ಬ್ಯಾಕ್‌ರೆಸ್ಟಿಗೆ ಒರಗಿ ಮಹಾರಾಜರಂತೆ ಕುಳಿತರು. ಪಕ್ಕದ ಮನೆಯ ಶಾರದಾಬಾಯಿ, ‘ಏನವಾ, ಗಂಡನ್ನ ಹಿಂದ ಕುಂದ್ರಿಸ್ಕೊಂಡು ಹೊಂಟಿ?’ ಎಂದು ನಕ್ಕರು. ‘ಇಲ್ಲೇ ಭಾಳ ಆರಾಮ ಐತ್ರೀ, ಕಾಕೂ!’ ಅಂದರು ರೇವಣ್.

ಬಗ್ಗಿ ಓಡಿಸುವುದು ತಪ್ಪಿ ನನ್ನ ಬೆನ್ನಿಗೂ ಸುಖ. ಗಚ್ಚಿಬೌಲಿಯ ಆಫೀಸಿನ ಗೇಟ್ ಬಂದರೂ ಅವರು ಇಳಿಯಲಿಲ್ಲ. ‘ಇನ್ನೊಂದು ರೌಂಡ್ ಹೊಡಿ’ ಅಂದರು. ಹೊಡೆದೆವು, ಇಬ್ಬರಿಗೂ ಲೇಟ್!

ನಿನ್ನ ತಂಗಿ,
ಸುವರ್ಣಾ