ಬಾವಿಯ ಗೋಡೆಯ ಜರೀಗಿಡ

ಬಿಜೂರು, ಮಂಗಳವಾರ

ಅಕ್ಕಾ, ನನ್ನ ಗ್ರಹಚಾರ ಕೇಳು. ಹೆಬ್ಬೆರಳುದ್ದದ ಜರೀಗಿಡವೊಂದರ ಹೆಸರು ಖಚಿತಪಡಿಸಲು ಮೂರು ವಾರದಿಂದ ಇಲ್ಲಿನ ಬಾವಿಗೆ ಬಗ್ಗಿ, ಎಲೆಯ ಬೆನ್ನಲ್ಲಿ ಬೀಜಕ ಮೂಡುವುದನ್ನೇ ಕಾಯುತ್ತಿದ್ದೆ. ಇವತ್ತು ಮನೆಯೊಡತಿ ಚಂದ್ರಮತಿಯಮ್ಮ ಬಾವಿಯ ಗೋಡೆಯನ್ನೇ ಉಜ್ಜಿ ತೊಳೆದುಬಿಟ್ಟಿದ್ದಾರೆ!

“ನೀವ್ ದಿನಾ ಬಗ್ಗಿ ಕಾಂಬ್ದ್ ಕಂಡ್ ನಂಗ್ ನಾಚ್ಕಿ ಆಯ್ತ್ ಮರ್ರೆ. ಪಾಚಿ ಗೀಚಿ ಪೂರಾ ಕೆರ್ದ್ ತೆಗ್ದೆ.”

ಕೆರೆದದ್ದನ್ನೆಲ್ಲ ಎಸೆದಿದ್ದ ಗೊಬ್ಬರಗುಂಡಿಗಿಳಿದು ಕೆದಕತೊಡಗಿದೆ, ವಿಷಯ ತಿಳಿದು ಅವರೂ ಸೆರಗು ಸಿಕ್ಕಿಸಿ ಇಳಿದರು. ಕೊನೆಗೆ ಬೀಜಕದ ಚುಕ್ಕೆಗಳಿರುವ ಒಂದೇ ಒಂದು ಎಲೆ ಸಿಕ್ಕಿತು, ಬಾವಿಯಲ್ಲಿ ನನ್ನ ಕೈಗೆಟುಕದ ಆಳದಲ್ಲಿ ಬೆಳೆದಿದ್ದದ್ದು. ಲೆನ್ಸ್ ಹಿಡಿದು ನೋಡಿದರೆ ಚುಕ್ಕೆಗಳ ಮೇಲೆ ಇರಬೇಕಾದ ತೆಳು ಮುಚ್ಚಳವೇ ಇಲ್ಲ! ಅಂದರೆ ನಾನು ಬರೆದಿಟ್ಟ ಪ್ರಭೇದವಷ್ಟೇ ಅಲ್ಲ, ಕುಲವೇ ತಪ್ಪು. ಎಲ್ಲ ಮೊದಲಿನಿಂದ.

ನೆಗಡಿ ಇಳಿದಿದೆ, ಸೊಂಟ ಹಿಡಿದಿದೆ. ಶನಿವಾರ ಮನೆಗೆ ಬರಲಾರೆ, ಅಮ್ಮನಿಗೆ ನೀನೇ ಹೇಳು, ನನಗೆ ಧೈರ್ಯವಿಲ್ಲ.

ಶೈಲಜಾ